ಕಮೋಡ್ ಅಲ್ಲಾಡುತ್ತಿದೆಯಾ? ಮೊದಲು ಫ್ಲ್ಯಾಂಜ್ ನೋಡಿ

ಕಮೋಡ್ ಬುಡದಲ್ಲಿ ನೀರು ಒಸರಿದರೆ ಎಲ್ಲರೂ ಬೈಯುವುದು ವ್ಯಾಕ್ಸ್ ರಿಂಗನ್ನೇ, ಅಂದರೆ ಕಮೋಡಿನಡಿ ಸಂದು ಮುಚ್ಚುವ ಮೇಣದ ಬಳೆಯನ್ನೇ. ಹೊಸದು ಹಾಕಿಸುತ್ತಾರೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಒದ್ದೆ, ಅದೇ ವಾಸನೆ. ಕಮೋಡ್ ಎತ್ತಿ ನೋಡಿದಾಗ ನನಗೆ ಹೆಚ್ಚಾಗಿ ಕಾಣುವುದು ಕೆಟ್ಟ ರಿಂಗಲ್ಲ, ಸರಿಯಾಗಿ ಕೂರದ ಫ್ಲ್ಯಾಂಜ್, ಅಂದರೆ ಡ್ರೈನ್ ಪೈಪಿನ ಬಾಯಿಗೆ ಕೂರಿಸುವ ಬಳೆಯಂಥ ತುಂಡು.

ಫ್ಲ್ಯಾಂಜ್‌ಗೆ ಎರಡು ಕೆಲಸ. ಕಮೋಡನ್ನು ಡ್ರೈನ್ ಪೈಪಿಗೆ ಸೇರಿಸಬೇಕು, ನೆಲಕ್ಕೆ ಬಿಗಿಯಾಗಿ ಹಿಡಿದಿಡಬೇಕು. ಮೇಣಕ್ಕೆ ಹಿಡಿದಿಡುವ ತಾಕತ್ತಿಲ್ಲ, ಅದು ಸಂದು ಮುಚ್ಚುತ್ತದೆ ಅಷ್ಟೇ. ಒಮ್ಮೆ ಅದುಮಿದ ಮೇಣ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಕೂತು ಏಳುವಾಗ ಕಮೋಡ್ ಚೂರು ಅಲ್ಲಾಡಿದರೂ ಸಂದು ಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯ ಎತ್ತರ. ಫ್ಲ್ಯಾಂಜಿನ ಬಳೆ ಟೈಲ್ಸ್ ಮೇಲೆ ಕೂರಬೇಕು, ಟೈಲ್ಸ್ ಒಳಗೆ ಹೂತಿರಬಾರದು. ಆಗ ಅದರ ಮೇಲ್ಭಾಗ ನೆಲಕ್ಕಿಂತ ಸುಮಾರು ಕಾಲು ಇಂಚು, ಅಂದರೆ 6 ಮಿ.ಮೀ. ಮೇಲೆ ಬರುತ್ತದೆ. ಎಡವಟ್ಟಾಗುವುದು ಎಲ್ಲಿ ಗೊತ್ತಾ? ಟೈಲ್ಸ್ ಹಾಕುವ ಮೊದಲೇ ಫ್ಲ್ಯಾಂಜ್ ಕೂರಿಸಿದಾಗ, ಇಲ್ಲವೇ ಹಳೆ ಟೈಲ್ಸ್ ಮೇಲೇ ಹೊಸದನ್ನು ಅಂಟಿಸಿದಾಗ. ನೆಲ ಮೇಲೇರುತ್ತದೆ, ಫ್ಲ್ಯಾಂಜ್ ಗುಂಡಿಯಲ್ಲಿ ಉಳಿಯುತ್ತದೆ. ಅದಕ್ಕೆ ಮೇಣದ ಮೇಲೆ ಮೇಣ ಪೇರಿಸುವವರಿದ್ದಾರೆ. ನನಗಂತೂ ಅದು ಸುತರಾಂ ಇಷ್ಟವಿಲ್ಲ, ಎರಡರ ನಡುವೆಯೇ ಜಾರಿ ಸೋರುವ ಸಾಧ್ಯತೆ ಜಾಸ್ತಿ. ಅದರ ಬದಲು ಫ್ಲ್ಯಾಂಜಿನ ಮೇಲಿಟ್ಟು ಎತ್ತರಿಸುವ ಸ್ಪೇಸರ್ ರಿಂಗ್ ಸಿಗುತ್ತದೆ. ಪ್ರತಿ ಪದರದ ನಡುವೆ ಸಿಲಿಕೋನ್ ಹಚ್ಚಿ, ಉದ್ದನೆಯ ಸ್ಕ್ರೂ ಹಾಕಿ ನೆಲಕ್ಕೆ ಬಿಗಿಯಿರಿ. ಫ್ಲ್ಯಾಂಜ್ ತೀರಾ ಎತ್ತರವಾದರೂ ಕಷ್ಟವೇ. ಕಮೋಡಿನ ಅಂಚು ನೆಲ ಮುಟ್ಟುವುದೇ ಇಲ್ಲ.

ಕೊಳ್ಳುವಾಗ ಪೈಪ್ ಯಾವುದೆಂದು ನೋಡಿ. ಪ್ಲಾಸ್ಟಿಕ್ಕಿನದಾದರೆ ಪಿವಿಸಿಗೆ ಪಿವಿಸಿ, ಎಬಿಎಸ್‌ಗೆ ಎಬಿಎಸ್. ಬೀಡು ಕಬ್ಬಿಣದ ಪೈಪಾದರೆ ರಬ್ಬರ್ ಗ್ಯಾಸ್ಕೆಟ್ ಬಿಗಿದು ಕೂರುವಂಥದ್ದು. 3 ಇಂಚಿನ ಪೈಪಿಗೆ ಹೊರಗಿನಿಂದ ಕೂರುವ ಫ್ಲ್ಯಾಂಜನ್ನೇ ತನ್ನಿ. ಒಳಗೆ ತೂರಿಸುವಂಥದ್ದು ದಾರಿಯನ್ನು ಕಿರಿದು ಮಾಡುತ್ತದೆ, ಕಟ್ಟಿಕೊಳ್ಳುವುದಕ್ಕೆ ಅಷ್ಟು ಸಾಕು. ಮೇಲಿನ ಬಳೆ ಸ್ಟೇನ್‌ಲೆಸ್ ಸ್ಟೀಲಿನದಾದರೆ ಒಳ್ಳೆಯದು. ಪೂರಾ ಪ್ಲಾಸ್ಟಿಕ್ ಬಳೆ ಬೋಲ್ಟ್ ಕೂರುವ ಜಾಗದಲ್ಲೇ ಸೀಳಬಹುದು.

ಗೋಡೆಯಿಂದ ಪೈಪಿನ ನಡುವಿನವರೆಗಿನ ಅಳತೆಯನ್ನು ಕಮೋಡ್ ಕೊಳ್ಳುವ ಮೊದಲೇ ತೆಗೆದುಕೊಳ್ಳಿ. 12 ಇಂಚು ಅಂದರೆ 305 ಮಿ.ಮೀ. ಹೆಚ್ಚು ಬಳಕೆಯಲ್ಲಿದೆ, ಬೇರೆ ಅಳತೆಯವೂ ಇವೆ. ಗೋಡೆಗೆ ಟೈಲ್ಸ್ ಬರುವುದಿದ್ದರೆ ಅದರ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಂಟಿಸುವ ಮುಂಚೆ ಒಮ್ಮೆ ಸುಮ್ನೆ ಒಣದಾಗಿ ಕೂರಿಸಿ ನೋಡಿ. ಬೋಲ್ಟ್ ಕೂರುವ ಎರಡು ಕಿಂಡಿಗಳು ಪೈಪಿನ ಎಡಕ್ಕೆ, ಬಲಕ್ಕೆ ನೇರವಾಗಿ ಬರಬೇಕು. ಪೈಪಿನ ಮೇಲೂ ಫ್ಲ್ಯಾಂಜಿನ ಮೇಲೂ ಪೆನ್ಸಿಲ್ ಗೀಟು ಎಳೆಯಿರಿ. ಆಮೇಲೆ ಸಾಲ್ವೆಂಟ್ ಸಿಮೆಂಟ್ (ಪ್ಲಾಸ್ಟಿಕ್ ಪೈಪಿನ ಅಂಟು) ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿ, ಗೀಟಿಗೆ ಗೀಟು ಕೂಡಿಸಿ. ಅರ್ಧ ನಿಮಿಷ ಕೈ ಬಿಡಬೇಡಿ, ಬಿಟ್ಟರೆ ಹಿಂದಕ್ಕೆ ಜಾರುತ್ತದೆ. ಗೀಟು ತಪ್ಪಿದರೆ ಕಷ್ಟ. ಅಂಟು ಬೇಗ ಹಿಡಿದುಬಿಡುತ್ತದೆ, ಮತ್ತೆ ಪೈಪ್ ಕತ್ತರಿಸಬೇಕು. ತಿರುಗುವ ಬಳೆಯಿರುವ ಫ್ಲ್ಯಾಂಜ್ ತಂದಿದ್ದರೆ ಈ ತಲೆನೋವು ಕಡಿಮೆ.

ಇನ್ನು ಫ್ಲ್ಯಾಂಜನ್ನು ನೆಲಕ್ಕೆ ಬಿಗಿಯುವುದು. ಅಂಟು ಹಿಡಿದಿದೆಯಲ್ಲ ಅಂತ ಇದನ್ನೇ ಬಿಡುವವರಿದ್ದಾರೆ! ಕಾಂಕ್ರೀಟಾದರೆ ಡ್ರಿಲ್ ಮಾಡಿ, ಪ್ಲಗ್ ಹಾಕಿ, ಸ್ಟೇನ್‌ಲೆಸ್ ಸ್ಕ್ರೂ ಬಿಗಿಯಿರಿ. ಸಾದಾ ಕಬ್ಬಿಣದ ಸ್ಕ್ರೂ ಅಲ್ಲಿನ ತೇವಕ್ಕೆ ತುಕ್ಕು ಹಿಡಿಯುತ್ತದೆ.

ಬೋಲ್ಟ್, ಮೇಣದ ರಿಂಗ್ ಇಟ್ಟ ಮೇಲೆ ಕಮೋಡನ್ನು ಬೋಲ್ಟಿನ ನೇರಕ್ಕೆ ಹಿಡಿದು ಇಳಿಸಿ. ಇಳಿಸಿದ ಮೇಲೆ ಎತ್ತಿದಿರೋ, ಮೇಣ ಹೊಸದೇ ಬೇಕು. ನಟ್‌ಗಳನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಬಿಗಿಯಿರಿ. ಅಲ್ಲಾಟ ನಿಂತ ಕೂಡಲೇ ಸಾಕು ಮಾಡಿ. ಇನ್ನೊಂದು ಸುತ್ತು ಅಂತ ಹೋದರೆ ಪಿಂಗಾಣಿ ಬಿರುಕು ಬಿಡುತ್ತದೆ. ನೆಲ ಏರುಪೇರಿದ್ದರೆ ಸಂದಿಗೆ ಪ್ಲಾಸ್ಟಿಕ್ ಚಕ್ಕೆ ಕೊಡಿ, ಬೋಲ್ಟಿನ ಬಲದಿಂದ ಎಳೆದು ಕೂರಿಸಬೇಡಿ.

ಬುಡಕ್ಕೆ ಸಿಲಿಕೋನ್ ಹಚ್ಚುವ ಮೊದಲು ನಾಲ್ಕಾರು ಸಲ ಫ್ಲಶ್ ಮಾಡಿ ನೋಡಿ. ಹಚ್ಚುವಾಗ ಹಿಂಬದಿಯಲ್ಲಿ ಸ್ವಲ್ಪ ಜಾಗ ಹಾಗೇ ಬಿಡಿ. ಮುಂದೆಂದಾದರೂ ಸೋರಿದರೆ ನೀರು ಅಲ್ಲಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ. ಪೂರಾ ಮುಚ್ಚಿದರೆ ನಿಮಗೆ ಗೊತ್ತಾಗುವ ಮೊದಲು ಕೆಳಮನೆಯವರಿಗೆ ಗೊತ್ತಾಗುತ್ತದೆ.