ಪದ ಪರಿಚಯ: ಎಲ್‌ಟಿಎಸ್

ಚೆನ್ನಾಗೇ ನಡೆಯುತ್ತಿರುವ ಸಾಫ್ಟ್‌ವೇರಿಗೆ ಮತ್ತೆ ಮತ್ತೆ ಅಪ್‌ಡೇಟ್ ಯಾಕೆ ಹಾಕಬೇಕು? ಈ ಪ್ರಶ್ನೆಗೆ ಲಿನಕ್ಸ್ (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್) ತಯಾರಿಸುವವರು ಕಂಡುಕೊಂಡ ಉತ್ತರವೇ ಎಲ್‌ಟಿಎಸ್. ಪೂರ್ತಿ ಹೆಸರು ಲಾಂಗ್ ಟರ್ಮ್ ಸಪೋರ್ಟ್. ಈ ಆವೃತ್ತಿಯನ್ನು ಇಂತಿಷ್ಟು ವರ್ಷ ರಿಪೇರಿ ಮಾಡಿಕೊಡುತ್ತೇವೆ, ಆದರೆ ಅದರ ನಡವಳಿಕೆಯನ್ನು ಸುಮ್ನೆ ಬದಲಿಸಲ್ಲ ಅಂತ ತಯಾರಿಸಿದವರು ಕೊಡುವ ಮಾತು ಅದು.

ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನೇ ನೋಡಿ. ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ. ಸಾಮಾನ್ಯ ಆವೃತ್ತಿಗೆ ಬೆಂಬಲ 9 ತಿಂಗಳು ಮಾತ್ರ. ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್‌ಗೆ 5 ವರ್ಷ. 24.04 ಅಂದರೆ 2024ರ ಏಪ್ರಿಲ್‌ನಲ್ಲಿ ಬಂದದ್ದು, 2029ರವರೆಗೆ ನಡೆಯುತ್ತದೆ.

ಹೊಸತನ್ನು ತರದೆ ರಿಪೇರಿ ಮಾಡುವುದು ಹೇಗೆ? ಹೊಸ ಆವೃತ್ತಿಯಲ್ಲಿ ಸರಿಪಡಿಸಿದ ನಾಲ್ಕು ಸಾಲು ಕೋಡನ್ನಷ್ಟೇ ಎತ್ತಿ ಹಳೆಯದಕ್ಕೆ ಹೊಂದಿಸುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಉದಾಹರಣೆಗೆ, 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ, ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಸಾಫ್ಟ್‌ವೇರಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ತೂತು ಸಿಕ್ಕಿತು. ಸರ್ವರಿನ ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ಗುಟ್ಟಿನ ಕೀಗಳು ಹೊರಗಿನವರ ಕೈಗೆ ಸಿಗುವಂತಿದ್ದವು. ಮೂಲ ತಂಡ 1.0.1ಜಿ ಎಂಬ ಹೊಸ ಆವೃತ್ತಿ ಬಿಟ್ಟಿತು. ಡೆಬಿಯನ್ ಎಂಬ ಇನ್ನೊಂದು ಬಗೆಯ ಲಿನಕ್ಸ್‌ನ ಅಂದಿನ ಸ್ಥಿರ ಆವೃತ್ತಿಯ ಹೆಸರು ವೀಜಿ. ಅದನ್ನು ನೋಡಿಕೊಳ್ಳುವವರು ಈ ಹೊಸ ಆವೃತ್ತಿಗೆ ಹೋಗಲಿಲ್ಲ. ತಮ್ಮಲ್ಲಿದ್ದ 1.0.1ಇ ಯನ್ನೇ ಇಟ್ಟುಕೊಂಡು ಅದಕ್ಕೆ ತೇಪೆ ಹಾಕಿದರು. ನಂಬರ್ ನೋಡಿದರೆ ಹಳೆಯದು, ತೂತು ಮಾತ್ರ ಮುಚ್ಚಿತ್ತು.

ಇದರಲ್ಲೇ ಇನ್ನೊಂದು ಸಂಗತಿಯೂ ಇದೆ. ಆ ತೂತು ಬಂದದ್ದು 2012ರಲ್ಲಿ, 1.0.1ಕ್ಕೆ ಸೇರಿಸಿದ ಹಾರ್ಟ್‌ಬೀಟ್ ಎಂಬ ಹೊಸ ಸೌಲಭ್ಯದ ಜೊತೆಗೆ. ಅದಕ್ಕೂ ಹಳೆಯ 0.9.8 ಇಟ್ಟುಕೊಂಡಿದ್ದವರಿಗೆ ಈ ಕಾಟವೇ ಇರಲಿಲ್ಲ. ಹೊಸದೆಲ್ಲ ಸುರಕ್ಷಿತ ಅನ್ನುವವರೂ, ಕೆಲಸ ಮಾಡ್ತಿದ್ದರೆ ಮುಟ್ಟಲೇಬೇಡಿ ಅನ್ನುವವರೂ ಇಬ್ಬರೂ ಪೂರ್ತಿ ಸರಿಯಲ್ಲ, ಅಲ್ವಾ?

ನನ್ನ ಪ್ರಕಾರ ಜಗಳ ಇರುವುದು ಅಪ್‌ಡೇಟ್ ಎಂಬ ಒಂದೇ ಗುಂಡಿಯಲ್ಲಿ. ಭದ್ರತೆಯ ರಿಪೇರಿ, ಹೊಸ ಸೌಲಭ್ಯ, ಜಾಗ ಬದಲಿಸಿದ ಮೆನು ಎಲ್ಲವನ್ನೂ ಒಟ್ಟಿಗೆ ತುರುಕಿ ಕೊಡುತ್ತಾರೆ. ಮೆನು ಬದಲಾದದ್ದಕ್ಕೆ ಬೇಸತ್ತವರು ಅಪ್‌ಡೇಟನ್ನೇ ನಿಲ್ಲಿಸಿಬಿಡುತ್ತಾರೆ, ಬೇಕಾದ ರಿಪೇರಿಯೂ ತಪ್ಪಿಹೋಗುತ್ತದೆ. ಎಲ್‌ಟಿಎಸ್ ರಿಪೇರಿಯನ್ನೂ ಹೊಸ ಬದಲಾವಣೆಗಳನ್ನೂ ಬೇರೆ ಮಾಡುತ್ತದೆ. ಎಲ್ಲ ಸಾಫ್ಟ್‌ವೇರಿನವರೂ ಹೀಗೆ ಮಾಡಬೇಕು.

ಎಲ್‌ಟಿಎಸ್ ಹಾಕಿದೆ, ಇನ್ನು ಅಪ್‌ಡೇಟ್ ಬೇಡ ಅಂದುಕೊಳ್ಳಬೇಡಿ. ಬರುವ ಸಣ್ಣ ರಿಪೇರಿಗಳನ್ನು ತಪ್ಪದೆ ಹಾಕಿಕೊಂಡರೆ ಮಾತ್ರ ಅದರ ಲಾಭ. ಬ್ರೌಸರಿನ ಲೆಕ್ಕವೂ ಬೇರೆ: ಫೈರ್‌ಫಾಕ್ಸ್‌ನಂಥ ದೊಡ್ಡ ಪ್ರೋಗ್ರಾಮಿಗೆ ಹಿಂದಕ್ಕೆ ತೇಪೆ ಹಾಕುತ್ತಾ ಕೂರುವುದು ಕಷ್ಟ. ಹಾಗಾಗಿ ಎಲ್‌ಟಿಎಸ್‌ನಲ್ಲೂ ಅದರ ಹೊಸ ಆವೃತ್ತಿಯೇ ಬರುತ್ತದೆ. ಅವಧಿ ಮುಗಿದ ಮೇಲೆ ಮುಂದಿನ ಎಲ್‌ಟಿಎಸ್‌ಗೆ ಹೋಗಲೇಬೇಕು. ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ಅದೇ ಇದ್ದರೆ ಈ ವಾರಾಂತ್ಯ ಬ್ಯಾಕಪ್ ತೆಗೆದುಕೊಂಡು ಬದಲಿಸಿ.