ಮಿತಿ ಹೇಳದ ಮಾತು: 1992ರ ಇಟಲಿ ಮತ್ತು ಮಾರಿಯೊ ದ್ರಾಗಿ

ಯೂರೋದ ಸೆಂಟ್ರಲ್ ಬ್ಯಾಂಕಿನ ಅಧ್ಯಕ್ಷರಾಗಿದ್ದ ಇಟಲಿಯ ಮಾರಿಯೊ ದ್ರಾಗಿ ಅಂದ ಕೂಡಲೇ ಎಲ್ಲರೂ, ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದ 2012ರ ಲಂಡನ್ ಭಾಷಣದಿಂದ ಶುರು ಮಾಡುತ್ತಾರೆ. ನಾನು ಅದಕ್ಕಿಂತ ಇಪ್ಪತ್ತು ವರ್ಷ ಹಿಂದೆ ಹೋಗುತ್ತೇನೆ. ಬ್ಯಾಂಕಿನ ಟ್ರೆಷರಿಯಲ್ಲಿ ಸರ್ಕಾರಿ ಬಾಂಡ್, ಅಂದರೆ ಸರ್ಕಾರದ ಸಾಲಪತ್ರ, ಕೊಂಡು ಮಾರುತ್ತಾ ಕೆಲಸ ಕಲಿತವನು ನಾನು. ಆ ಕಸುಬಿನವನಾಗಿ ಹೇಳುವುದಾದರೆ, ದ್ರಾಗಿ ಅವರ ವೃತ್ತಿಯಲ್ಲಿ ನಿಜವಾಗಿ ನಿಂತು ನೋಡಬೇಕಾದ ವರ್ಷ 1992.

ಆಗ ಅವರು ಸೆಂಟ್ರಲ್ ಬ್ಯಾಂಕಿನಲ್ಲಿ ಇರಲಿಲ್ಲ. ಇಟಲಿ ಸರ್ಕಾರದ ಟ್ರೆಷರಿಯಲ್ಲಿ ಡೈರೆಕ್ಟರ್ ಜನರಲ್ ಆಗಿದ್ದರು. ಅಂದರೆ ಸರ್ಕಾರಕ್ಕೆ ಸಾಲ ಎತ್ತುವ ಹೊಣೆ. ಸರ್ಕಾರದ ಸಾಲ ಆಗಲೇ ದೇಶದ ಜಿಡಿಪಿಯನ್ನು ಮೀರಿತ್ತು. ಜುಲೈನಲ್ಲಿ ಪ್ರಧಾನಿ ಜುಲಿಯಾನೊ ಅಮಾತೊ ಅವರ ಸರ್ಕಾರ ಜನರ ಬ್ಯಾಂಕ್ ಠೇವಣಿಗಳ ಮೇಲೆ ರಾತ್ರೋರಾತ್ರಿ ಸಾವಿರಕ್ಕೆ ಆರರಂತೆ ತೆರಿಗೆ ಕಿತ್ತುಕೊಂಡಿತು. ಸೆಪ್ಟೆಂಬರ್‌ನಲ್ಲಿ ದೇಶದ ಸೆಂಟ್ರಲ್ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಟಲಿ ಬಡ್ಡಿ ದರವನ್ನು 15 ಪರ್ಸೆಂಟ್‌ಗೆ ಏರಿಸಿತು. ಇಷ್ಟಾದರೂ ಇಟಲಿಯ ಆಗಿನ ಕರೆನ್ಸಿ ಲೀರಾದ ಬೆಲೆ ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುರೋಪಿನ ಕರೆನ್ಸಿಗಳು ಒಂದಕ್ಕೊಂದು ಗೊತ್ತುಮಾಡಿದ ದರದ ಆಸುಪಾಸಿನಲ್ಲೇ ಇರಬೇಕು ಎಂದು 1979ರಿಂದ ಒಂದು ಏರ್ಪಾಡಿತ್ತು. ಒಂದು ಕರೆನ್ಸಿ ತಳ ಮುಟ್ಟಿದರೆ, ಬಲವಾದ ಕರೆನ್ಸಿಯ ದೇಶವೂ ಮುಂದೆ ಬಂದು ಅದನ್ನು ಕೊಳ್ಳಬೇಕು. ಎಷ್ಟಾದರೂ ಸರಿ, ಮಿತಿಯಿಲ್ಲ. ಕಾಗದದಲ್ಲಿ ಇದ್ದದ್ದು ಹೀಗೆ. ಆದರೆ ಜರ್ಮನಿಯ ಸೆಂಟ್ರಲ್ ಬ್ಯಾಂಕ್ ಆದ ಬುಂಡೆಸ್‌ಬ್ಯಾಂಕಿನ ಅಧ್ಯಕ್ಷರಾಗಿದ್ದ ಓಟ್ಮಾರ್ ಎಮಿಂಗರ್ 1978ರಲ್ಲೇ ತಮ್ಮ ಸರ್ಕಾರಕ್ಕೆ ಒಂದು ಪತ್ರ ಬರೆದಿದ್ದರು. ಜರ್ಮನಿಯಲ್ಲಿ ಬೆಲೆ ಸ್ಥಿರತೆಗೆ ಧಕ್ಕೆ ಬರುವ ಹಾಗಿದ್ದರೆ ಈ ಕೊಳ್ಳುವಿಕೆಯನ್ನು ನಿಲ್ಲಿಸಲು ನಮಗೆ ಅವಕಾಶ ಬೇಕು ಎಂಬುದು ಅದರ ಸಾರ. 1992ರಲ್ಲಿ ಬುಂಡೆಸ್‌ಬ್ಯಾಂಕ್ ಒಂದಷ್ಟು ದಿನ ಲೀರಾ ಕೊಂಡಿತು, ಆಮೇಲೆ ಸಾಕು ಅಂದಿತು. ಸೆಪ್ಟೆಂಬರ್ 13ಕ್ಕೆ ಲೀರಾದ ಬೆಲೆಯನ್ನು 7 ಪರ್ಸೆಂಟ್ ಇಳಿಸಿದರು. ವಾರ ಕಳೆಯುವುದರೊಳಗೆ ಲೀರಾ ಆ ಏರ್ಪಾಡಿನಿಂದಲೇ ಹೊರಬಿತ್ತು.

ಬಾಂಡ್, ಕರೆನ್ಸಿ ಕೊಂಡು ಮಾರುವ ಡೀಲಿಂಗ್ ರೂಮಿನಲ್ಲಿ ಕೂತವರು ಮೊದಲು ಹುಡುಕುವುದು ಇದನ್ನೇ. ಎದುರಿಗಿರುವವನು ಕಾಪಾಡುತ್ತೇನೆ ಅಂತಾನೆ ಸರಿ, ಎಲ್ಲಿಯ ತನಕ? ಅವನಿಗೊಂದು ಮಿತಿ ಇದೆ ಅಂತ ಅನುಮಾನ ಬಂದರೂ ಸಾಕು, ಆ ಮಿತಿ ಮುಟ್ಟುವ ತನಕ ಎಲ್ಲರೂ ಮಾರುತ್ತಲೇ ಹೋಗುತ್ತಾರೆ. ಮಿತಿಯಿಲ್ಲ ಅಂತ ಖಾತ್ರಿಯಾದರೆ ಮಾರುವುದೇ ನಿಲ್ಲುತ್ತದೆ. ಸಾಲ ಕೇಳುವವರ ಕುರ್ಚಿಯಲ್ಲಿ ಕೂತು ದ್ರಾಗಿ ಆ ವರ್ಷ ಇದನ್ನೇ ನೋಡಿದರು ಎಂದು ನನಗನ್ನಿಸುತ್ತದೆ. ಅವರು ಹೀಗೆ ಹೇಳಿಕೊಂಡಿದ್ದಾರೆ ಅಂತಲ್ಲ. ಇದು ನನ್ನ ಲೆಕ್ಕಾಚಾರ.

ಉಳಿದ ವಿವರ ಬೇಗ ಹೇಳಿಬಿಡುತ್ತೇನೆ. 1947ರಲ್ಲಿ ರೋಮ್‌ನಲ್ಲಿ ಹುಟ್ಟು. ಅಪ್ಪ ಬ್ಯಾಂಕ್ ಆಫ್ ಇಟಲಿಯಲ್ಲಿ ಕೆಲಸ ಮಾಡಿದವರು. ಹದಿಹರೆಯದಲ್ಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಅಮೆರಿಕದ ಎಂಐಟಿಯಲ್ಲಿ 1977ಕ್ಕೆ ಡಾಕ್ಟರೇಟ್, ಫ್ಲಾರೆನ್ಸ್‌ನಲ್ಲಿ ಪ್ರೊಫೆಸರ್, ವಿಶ್ವ ಬ್ಯಾಂಕಿನಲ್ಲಿ ಇಟಲಿಯ ಪ್ರತಿನಿಧಿ. 1991ರಿಂದ 2001ರ ತನಕ ಟ್ರೆಷರಿ. ಅಲ್ಲಿಂದ ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್. ಬ್ಯಾಂಕ್ ಖರೀದಿಯ ಹಗರಣದಲ್ಲಿ ಹೆಸರು ಕೆಟ್ಟು ಗವರ್ನರ್ ಆಂತೋನಿಯೊ ಫಾತ್ಸಿಯೊ 2005ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ ಮೇಲೆ ಬ್ಯಾಂಕ್ ಆಫ್ ಇಟಲಿಯ ಗವರ್ನರ್ ಗಿರಿ ದ್ರಾಗಿ ಅವರಿಗೆ ಬಂತು. ಅಲ್ಲಿಯ ತನಕ ಆ ಹುದ್ದೆಗೆ ಕಾಲಮಿತಿಯೇ ಇರಲಿಲ್ಲ. ಅದೇ ಹೊತ್ತಿಗೆ ಬಂದ ಕಾನೂನು ಅದನ್ನು ಆರು ವರ್ಷಕ್ಕೆ ಇಳಿಸಿತು. 2011ರ ನವೆಂಬರ್ 1ರಂದು ಅವರು ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ, ಅಂದರೆ ಇಸಿಬಿಯ ಅಧ್ಯಕ್ಷರಾದರು.

ಅವರು ಬಂದಾಗ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಹಿಂದಿನ ಅಧ್ಯಕ್ಷ ಜಾನ್-ಕ್ಲೋದ್ ತ್ರಿಶೆ 2011ರಲ್ಲಿ ಎರಡು ಸಲ ಬಡ್ಡಿ ಏರಿಸಿದ್ದರು. ಅದು ತಪ್ಪು ನಿರ್ಧಾರ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ದ್ರಾಗಿ ಕೂತ ಎರಡು ತಿಂಗಳಲ್ಲಿ ಎರಡೂ ಏರಿಕೆಗಳನ್ನು ವಾಪಸ್ ತೆಗೆದರು. ಆ ನವೆಂಬರ್‌ನಲ್ಲಿ ಇಟಲಿಯ ಹತ್ತು ವರ್ಷದ ಬಾಂಡಿನ ಯೀಲ್ಡ್, ಅಂದರೆ ಅದನ್ನು ಕೊಂಡವರು ಕೇಳುವ ಬಡ್ಡಿ ದರ, 7 ಪರ್ಸೆಂಟ್ ದಾಟಿತ್ತು. ಜಿಡಿಪಿಯ 120 ಪರ್ಸೆಂಟ್‌ನಷ್ಟು ಸಾಲವಿರುವ ದೇಶಕ್ಕೆ ಬಡ್ಡಿ ಒಂದು ಪರ್ಸೆಂಟ್ ಏರಿದರೆ, ಹಳೇ ಸಾಲವೆಲ್ಲ ಹೊಸ ದರಕ್ಕೆ ಬದಲಾಗುವ ಹೊತ್ತಿಗೆ ಜಿಡಿಪಿಯ 1.2 ಪರ್ಸೆಂಟ್ ಬಡ್ಡಿಗೇ ಜಾಸ್ತಿ ಹೋಗುತ್ತದೆ. ಸಾಲ ತೀರಿಸಲಾರರು ಎಂಬ ಹೆದರಿಕೆಯಿಂದ ಬಡ್ಡಿ ಏರುತ್ತದೆ. ಬಡ್ಡಿ ಏರಿದ್ದರಿಂದಲೇ ತೀರಿಸಲಾಗದ ಸ್ಥಿತಿ ಬರುತ್ತದೆ.

ಇದರ ಜೊತೆಗೆ ಇನ್ನೊಂದು ಹೆದರಿಕೆ ಇತ್ತು. ನಮ್ಮಲ್ಲಿ ಕೇಂದ್ರ ಸರ್ಕಾರದ ಬಾಂಡ್ ಇಟ್ಟುಕೊಂಡವರು ರೂಪಾಯಿ ವಾಪಸ್ ಬರುತ್ತೋ ಇಲ್ವೋ ಅಂತ ನಿದ್ದೆಗೆಡುವುದಿಲ್ಲ. ಒಂದೇ ಸರ್ಕಾರ, ಒಂದೇ ರಿಸರ್ವ್ ಬ್ಯಾಂಕ್. ಯೂರೋದಲ್ಲಿ ಹಾಗಲ್ಲ. ಆಗ 17 ಸರ್ಕಾರಗಳಿಗೆ ಒಂದು ಸೆಂಟ್ರಲ್ ಬ್ಯಾಂಕ್, ಸರ್ಕಾರಗಳಿಗೆ ನೇರವಾಗಿ ಸಾಲ ಕೊಡಬಾರದು ಎಂಬ ಕಟ್ಟು ಬೇರೆ. ಸ್ಪೇನ್ ಯೂರೋ ಬಿಟ್ಟರೆ ನನ್ನ ಬಾಂಡಿಗೆ ಯೂರೋ ಬದಲು ಅದರ ಹಳೇ ಕರೆನ್ಸಿ ಪೆಸೆಟಾ ಕೊಡುತ್ತಾರಲ್ಲ ಎಂಬ ಲೆಕ್ಕ ಬಡ್ಡಿಯೊಳಗೆ ಸೇರಿಕೊಂಡಿತು. 2012ರ ಜುಲೈ ಕೊನೆಯ ವಾರ ಸ್ಪೇನಿನ ಯೀಲ್ಡ್ ಏಳೂವರೆ ದಾಟಿತು.

ಜುಲೈ 26ರಂದು ಲಂಡನ್ನಿನಲ್ಲಿ ಹೂಡಿಕೆದಾರರ ಸಮ್ಮೇಳನದಲ್ಲಿ ದ್ರಾಗಿ ಮಾತಾಡಿದರು. ನಮ್ಮ ಅಧಿಕಾರದ ಚೌಕಟ್ಟಿನಲ್ಲಿ ಯೂರೋ ಉಳಿಸಲು ಏನೇನು ಬೇಕೋ ಅದನ್ನೆಲ್ಲ ಮಾಡಲು ಇಸಿಬಿ ಸಿದ್ಧವಿದೆ, ನನ್ನನ್ನು ನಂಬಿ, ಅಷ್ಟು ಸಾಕಾಗುತ್ತದೆ ಎಂದರು. ಅಂದು ಅವರ ಹತ್ತಿರ ಸಿದ್ಧ ಯೋಜನೆ ಇರಲಿಲ್ಲ. ಮರುದಿನ ಜರ್ಮನಿಯ ಚಾನ್ಸಲರ್ ಆಂಗೆಲಾ ಮೆರ್ಕೆಲ್ ಮತ್ತು ಫ್ರಾನ್ಸಿನ ಅಧ್ಯಕ್ಷ ಫ್ರಾನ್ಸ್ವಾ ಒಲಾಂದ್ ಒಟ್ಟಿಗೆ ಹೇಳಿಕೆ ಕೊಟ್ಟು ಯೂರೋ ಕಾಪಾಡುವ ಮಾತಾಡಿದರು. ಈ ಬೆಂಬಲ ಇಲ್ಲದೇ ಹೋಗಿದ್ದರೆ ಭಾಷಣ ಬರೀ ಭಾಷಣವಾಗಿಯೇ ಉಳಿಯುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಯೋಜನೆ ಬಂದದ್ದು ಸೆಪ್ಟೆಂಬರ್ 6ರಂದು. ಹೆಸರು ಒಎಂಟಿ, ಸಂಕಷ್ಟದಲ್ಲಿರುವ ದೇಶದ ಬಾಂಡುಗಳನ್ನು ಇಸಿಬಿ ಮಾರುಕಟ್ಟೆಯಿಂದ ಕೊಳ್ಳುವ ಯೋಜನೆ. ನನ್ನ ವೃತ್ತಿಯವರಿಗೆ ಭಾಷಣಕ್ಕಿಂತ ಆ ಎರಡು ಪುಟದ ಪ್ರಕಟಣೆಯೇ ಮುಖ್ಯ. ಅದನ್ನು ಹತ್ತಿರದಿಂದ ನೋಡೋಣ.

ಇಸಿಬಿ 2010ರಿಂದಲೇ ಬಾಂಡ್ ಕೊಳ್ಳುತ್ತಿತ್ತು. ಆ ಹಳೇ ಯೋಜನೆಯಲ್ಲಿ ಸುಮಾರು 22,000 ಕೋಟಿ ಯೂರೋ ಸುರಿದರೂ ಫಲ ಸಿಗಲಿಲ್ಲ. ಇದು ತಾತ್ಕಾಲಿಕ, ಇದು ಸೀಮಿತ ಎಂದು ಅವರೇ ಮತ್ತೆ ಮತ್ತೆ ಹೇಳುತ್ತಿದ್ದರು. 1992ರ ಕಾಯಿಲೆಯೇ ಮತ್ತೆ, ಅಲ್ವಾ? ಒಎಂಟಿ ಪ್ರಕಟಣೆಯಲ್ಲಿ ಒಂದೇ ಸಾಲು: ಕೊಳ್ಳುವ ಮೊತ್ತಕ್ಕೆ ಮುಂಚಿತವಾಗಿ ಯಾವ ಮಿತಿಯೂ ಇಲ್ಲ.

ಎರಡನೆಯ ಸಂಗತಿ ಹೊರಗಿನವರ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. 2012ರ ಮಾರ್ಚ್‌ನಲ್ಲಿ ಗ್ರೀಸ್ ತನ್ನ ಸಾಲ ಕಡಿತ ಮಾಡಿದಾಗ ಖಾಸಗಿಯವರ ಬಾಂಡಿನ ಮುಖಬೆಲೆಯಲ್ಲಿ 53.5 ಪರ್ಸೆಂಟ್ ಹೋಯಿತು. ಇಸಿಬಿ ಕೈಲಿದ್ದ ಬಾಂಡುಗಳಿಗೆ ಏನೂ ಆಗಲಿಲ್ಲ. ಇದರ ಅರ್ಥ ಡೀಲರ್‌ಗಳಿಗೆ ತಕ್ಷಣ ಹೊಳೆಯಿತು. ಇಸಿಬಿ ಹೆಚ್ಚು ಹೆಚ್ಚು ಕೊಂಡ ಹಾಗೆಲ್ಲ, ನಾಳೆ ನಷ್ಟ ಬಂದರೆ ಅದು ಉಳಿದವರ ತಲೆ ಮೇಲೇ ಬೀಳುತ್ತದೆ. ಸಹಾಯಕ್ಕೆ ಬಂದವನೇ ಉಳಿದವರನ್ನು ಓಡಿಸಿದ ಹಾಗಾಯಿತು. ಒಎಂಟಿಯಲ್ಲಿ ಇಸಿಬಿ ತಾನೂ ಸಾಲ ಕೊಟ್ಟ ಬೇರೆಯವರ ಸಾಲಿನಲ್ಲೇ ನಿಲ್ಲುತ್ತೇನೆ, ನನಗೆ ಮೊದಲ ಪಂಕ್ತಿ ಬೇಡ ಅಂತ ಬರೆದುಕೊಟ್ಟಿತು. ಮಿತಿ ತೆಗೆದದ್ದರಷ್ಟೇ ತೂಕದ ಮಾತು ಇದು.

ಸುಮ್ನೆ ಹಣ ಕೊಡುವ ಯೋಜನೆಯೂ ಅದಾಗಿರಲಿಲ್ಲ. ಒಂದರಿಂದ ಮೂರು ವರ್ಷದೊಳಗಿನ ಬಾಂಡ್ ಮಾತ್ರ. ಆ ದೇಶ ಮೊದಲು ಯುರೋಪಿನ ನೆರವು ನಿಧಿಯ ಷರತ್ತುಗಳಿಗೆ ಸಹಿ ಹಾಕಬೇಕು. ಆಡಳಿತ ಮಂಡಳಿಯಲ್ಲಿ ಬುಂಡೆಸ್‌ಬ್ಯಾಂಕಿನ ಯೆನ್ಸ್ ವೈಡ್‌ಮನ್ ಒಬ್ಬರೇ ವಿರೋಧಿಸಿದರು. ಕೇಸು ಜರ್ಮನಿಯ ಸಂವಿಧಾನ ಪೀಠದಿಂದ ಯುರೋಪಿನ ನ್ಯಾಯಾಲಯಕ್ಕೆ ಹೋಗಿ, 2015ರಲ್ಲಿ ಯೋಜನೆ ಕಾನೂನುಬದ್ಧ ಎಂದಾಯಿತು. ಅಷ್ಟರಲ್ಲಿ ಸ್ಪೇನಿನ ಯೀಲ್ಡ್ 3 ಪರ್ಸೆಂಟ್‌ಗಿಂತ ಕೆಳಗಿಳಿದಿತ್ತು. ಒಎಂಟಿಯಡಿ ಇಸಿಬಿ ಇವತ್ತಿನ ತನಕ ಒಂದು ಯೂರೋ ಕೂಡ ಖರ್ಚು ಮಾಡಿಲ್ಲ.

ಇಷ್ಟು ಮೆಚ್ಚಿಕೊಂಡ ಮೇಲೆ ನನಗೆ ಒಪ್ಪದ್ದನ್ನೂ ಹೇಳಬೇಕು. 2011ರ ಆಗಸ್ಟ್‌ನಲ್ಲಿ ತ್ರಿಶೆ ಮತ್ತು ದ್ರಾಗಿ ಇಬ್ಬರೂ ಸಹಿ ಮಾಡಿ ಇಟಲಿಯ ಪ್ರಧಾನಿ ಬೆರ್ಲುಸ್ಕೋನಿ ಅವರಿಗೆ ಗುಟ್ಟಿನ ಪತ್ರ ಬರೆದರು. ಪಿಂಚಣಿ, ಕಾರ್ಮಿಕ ಕಾನೂನು, ಖಾಸಗೀಕರಣ, ಎಲ್ಲದರ ಪಟ್ಟಿ ಅದರಲ್ಲಿತ್ತು. ಬಾಂಡ್ ಕೊಳ್ಳುವವರು ಚುನಾಯಿತ ಸರ್ಕಾರಕ್ಕೆ ಕಾನೂನಿನ ಪಟ್ಟಿ ಕೊಡುವುದು ಸರಿಯಲ್ಲ. 2015ರ ಜೂನ್ 28ರಂದು ಗ್ರೀಸ್ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ಹಣವನ್ನು ಇಸಿಬಿ ಇದ್ದಲ್ಲಿಗೇ ನಿಲ್ಲಿಸಿತು. ಬ್ಯಾಂಕುಗಳು ಮೂರು ವಾರ ಬಾಗಿಲು ಮುಚ್ಚಿದವು. ಜನ ಎಟಿಎಂ ಮುಂದೆ ದಿನಕ್ಕೆ 60 ಯೂರೋಗೆ ಸಾಲು ನಿಂತರು. ನಿಯಮದ ಪ್ರಕಾರ ಇಸಿಬಿಗೆ ಸಮರ್ಥನೆ ಇರಬಹುದು. ಆದರೆ ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಅಂದ ಸಂಸ್ಥೆಯೇ ಒಂದು ದೇಶವನ್ನು ಯೂರೋದಿಂದ ಹೊರಬೀಳುವ ಹೊಸ್ತಿಲ ತನಕ ತಂದು ನಿಲ್ಲಿಸಿತ್ತು. ದ್ರಾಗಿ ಅವರನ್ನು ಹೊಗಳುವವರು ಈ ಮೂರು ವಾರವನ್ನು ಬಿಟ್ಟು ಮಾತಾಡುತ್ತಾರೆ. ನನಗೆ ಅದು ಸಾಧ್ಯವಿಲ್ಲ.

2014ರಲ್ಲಿ ಬಡ್ಡಿ ಸೊನ್ನೆಗಿಂತ ಕೆಳಗಿಳಿಯಿತು. 2015ರ ಮಾರ್ಚ್‌ನಿಂದ ತಿಂಗಳಿಗೆ 6,000 ಕೋಟಿ ಯೂರೋದಂತೆ ಬಾಂಡ್ ಖರೀದಿ ಶುರುವಾಯಿತು. ಜರ್ಮನಿಯ ಠೇವಣಿದಾರರು ಸಿಟ್ಟಾದರು. ಎಂಟು ವರ್ಷದ ಅವಧಿಯಲ್ಲಿ ದ್ರಾಗಿ ಒಂದು ಸಲವೂ ಬಡ್ಡಿ ಏರಿಸಲಿಲ್ಲ. ಹಣದುಬ್ಬರವನ್ನು ಇಸಿಬಿಯ ಗುರಿಯಾದ ಎರಡು ಪರ್ಸೆಂಟ್ ಹತ್ತಿರ ನಿಲ್ಲಿಸುವುದೂ ಅವರಿಂದ ಆಗಲಿಲ್ಲ. ಸರ್ಕಾರಗಳೂ ಖರ್ಚು ಮಾಡಬೇಕು, ಸೆಂಟ್ರಲ್ ಬ್ಯಾಂಕ್ ಒಂದೇ ಎಲ್ಲ ಎಳೆಯಲಾರದು ಎಂದು ಕೊನೆಯ ತನಕ ಹೇಳುತ್ತಲೇ ಹೋದರು. ಅದನ್ನು ಆಗ ಕೇಳಿದವರು ಕಡಿಮೆ.

2021ರ ಫೆಬ್ರವರಿಯಲ್ಲಿ ಅವರು ಇಟಲಿಯ ಪ್ರಧಾನಿಯಾದರು. ಮತ್ತೆ ಸಾಲ ಕೇಳುವವರ ಕುರ್ಚಿ. 2022ರ ಜುಲೈ 21ರಂದು ಮೈತ್ರಿ ಮುರಿದು ರಾಜೀನಾಮೆ ಕೊಟ್ಟರು. ಅದೇ ದಿನ ಕ್ರಿಸ್ಟೀನ್ ಲಗಾರ್ಡ್ ನೇತೃತ್ವದ ಇಸಿಬಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಡ್ಡಿ ಏರಿಸಿ, ಟಿಪಿಐ ಎಂಬ ಹೊಸ ಬಾಂಡ್ ಖರೀದಿ ಯೋಜನೆ ಪ್ರಕಟಿಸಿತು. ಅದರಲ್ಲೂ ಖರೀದಿಗೆ ಮುಂಚಿತ ಮಿತಿಯಿಲ್ಲ. ಒಎಂಟಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಈಗ ದೇಶ ನೆರವು ನಿಧಿಯ ಮುಂದೆ ಸಹಿ ಹಾಕಬೇಕಿಲ್ಲ. ಯುರೋಪಿಯನ್ ಒಕ್ಕೂಟದ ಹಣಕಾಸು ಶಿಸ್ತಿನ ನಿಯಮ ಪಾಲಿಸುತ್ತಿದೆಯೇ, ಸಾಲ ತೀರಿಸಬಲ್ಲದೇ ಎಂದು ಅಳೆದು ನೋಡಿ ಕೊನೆಗೆ ತೀರ್ಮಾನಿಸುವುದು ಇಸಿಬಿಯೇ. ನನ್ನ ಆತಂಕ ಇರುವುದು ಇಲ್ಲಿ. ಇಂಥ ತೀರ್ಮಾನ ಸೆಂಟ್ರಲ್ ಬ್ಯಾಂಕಿನ ಕೈಯಲ್ಲಿ ಇರುವ ತನಕ, 2011ರ ಆಗಸ್ಟ್‌ನಂಥ ಪತ್ರ ಇನ್ನೊಂದು ರಾಜಧಾನಿಗೆ ಹೋಗದಂತೆ ತಡೆಯುವ ಬರಹದ ನಿಯಮ ಆ ಪ್ರಕಟಣೆಯಲ್ಲಿ ನನಗೆ ಕಾಣಲಿಲ್ಲ.