ಬೃಂದಾವನಕ್ಕೆ ಡಿಸ್ನಿಲ್ಯಾಂಡ್ ಬೇಕಾ? ಈ ಜಗಳ ಎಲ್ಲಿಂದ ಶುರುವಾಯ್ತು

ಕೆಆರ್‌ಎಸ್ ಬೃಂದಾವನದ ವಿಷ್ಯ ಎತ್ತಿದ್ರೆ ಮಂಡ್ಯದಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಅಮ್ಯೂಸ್‌ಮೆಂಟ್ ಪಾರ್ಕ್ ಬರುತ್ತಂತೆ ಅಂತ ಒಬ್ರು, ಕಾವೇರಿ ಆರತಿ (ಗಂಗಾ ಆರತಿ ಥರ ನದಿಗೆ ಆರತಿ ಎತ್ತೋದು) ಕೇಸ್ ಏನಾಯ್ತು ಅಂತ ಇನ್ನೊಬ್ರು, ಇದೆಲ್ಲಾ ಗಣಿ ಗಲಾಟೆನೇ ಅಂತ ಮತ್ತೊಬ್ರು. ಮೂರೂ ಬೇರೆ ಬೇರೆ, ಆದ್ರೆ ಒಂದೇ ಕಟ್ಟೆಗೆ ಗಂಟು ಬಿದ್ದಿವೆ.

ಕನ್ನಂಬಾಡಿ ಕಟ್ಟೆ, ಅಂದ್ರೆ ಕೆಆರ್‌ಎಸ್ ಅಣೆಕಟ್ಟಿನ ಕೆಲಸ ಶುರುವಾಗಿದ್ದು 1911ರಲ್ಲಿ, ನಾಲ್ವಡಿಯವರ ಕಾಲ, ಚೀಫ್ ಇಂಜಿನಿಯರ್ ವಿಶ್ವೇಶ್ವರಯ್ಯನವರು. ಕಟ್ಟೆ ಕೆಲಸ ಇನ್ನೂ ನಡೀತಿರುವಾಗ್ಲೇ 1927ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವ್ರು ಅದರ ಕೆಳಗಡೆ ಈ ಬೃಂದಾವನ ತೋಟ ಮಾಡ್ಸೋಕೆ ಹೊರಟ್ರು, 1932ಕ್ಕೆ ಮುಗೀತು. ಕಾಶ್ಮೀರದ ಶಾಲಿಮಾರ್ ತೋಟ ಮಾದರಿ, ವಿನ್ಯಾಸಕ್ಕೆ ಲಾಲ್‌ಬಾಗ್‌ನ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಇದ್ರು, ಸುಮಾರು 60 ಎಕರೆ, ಹಂತ ಹಂತವಾಗಿ ಇಳಿಯೋ ತೋಟ, ಮಧ್ಯದಲ್ಲಿ ನೀರು ಹರಿಯೋದು. ಆಮೇಲಿನ ಎಂಬತ್ತಕ್ಕೂ ಹೆಚ್ಚು ವರ್ಷ ಸಿನಿಮಾ ಶೂಟಿಂಗು, ಸ್ಕೂಲ್ ಟೂರು, ಕಾವೇರಿ ಗಲಾಟೆ ಆದಾಗೆಲ್ಲಾ ಗೇಟ್ ಬಂದ್, ಇಷ್ಟರಲ್ಲೇ ಕಳೀತು. ಮುಂಚೆ ಕಟ್ಟೆ ಮೇಲೇ ನಡ್ಕೊಂಡು ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ತೋಟ ನೋಡ್ಕೊಂಡು ಹೋಗ್ಬೋದಿತ್ತು, ಈಗ ಸೆಕ್ಯುರಿಟಿ ಅಂತ ಬಿಡಲ್ಲ, ಆ ನೋಟ ಈಗಿನ ಮಕ್ಕಳಿಗೆ ಸಿಗ್ದೇ ಇರೋದು ನಿಜಕ್ಕೂ ಬೇಜಾರು.

ಗೋಜಲು ಶುರುವಾಗಿದ್ದು 2018ರ ಕೊನೇಲಿ. ಡಿಸ್ನಿಲ್ಯಾಂಡ್ ಥರ ಪಾರ್ಕು, 125 ಅಡಿ ಕಾವೇರಿ ಪ್ರತಿಮೆ ಅಂತ ಸರ್ಕಾರ ಹೇಳ್ತು. ರೈತರು ತಕ್ಷಣ ಬೇಡ ಅಂದ್ರು, ಮುಂದಿನ ವರ್ಷ ಸರ್ಕಾರನೇ ಬದಲಾಯ್ತು, ಪ್ಲಾನ್ ಅಲ್ಲೇ ಉಳೀತು. ಈ ನಡುವೆ ಪಾಂಡವಪುರದ ಬೇಬಿ ಬೆಟ್ಟದ ಕಲ್ಲು ಗಣಿ ವಿಷ್ಯ ಜೋರಾಯ್ತು. ಸ್ಫೋಟದಿಂದ ಕಟ್ಟೆಗೆ ಏನಾದ್ರೂ ಆಗುತ್ತಾ ನೋಡೋಣ ಅಂತ 2022ರಲ್ಲಿ ಟ್ರಯಲ್ ಬ್ಲಾಸ್ಟ್ ಮಾಡೋಕೆ ಹೋದ್ರೆ ಅದಕ್ಕೂ ವಿರೋಧ ಬಂತು. 2024ರ ಜನವರಿಯಲ್ಲಿ ಹೈಕೋರ್ಟು, ಕಟ್ಟೆ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತು.

ಅದೇ ವರ್ಷ ಹಳೇ ಪಾರ್ಕ್ ಪ್ಲಾನು ಸುಮಾರು 2,663 ಕೋಟಿ ರೂಪಾಯಿ ಲೆಕ್ಕದಲ್ಲಿ ವಾಪಸ್ ಬಂತು, ಈ ಸಲ ಖಾಸಗಿಯವರ ಪಾಲುದಾರಿಕೆ ಜೊತೆ. ಅದರ ಹಿಂದೆನೇ 92 ಕೋಟಿಯ ಕಾವೇರಿ ಆರತಿ. ರೈತ ಸಂಘದವರು ಬೀದಿಗೂ ಇಳಿದ್ರು, ಕೋರ್ಟಿಗೂ ಹೋದ್ರು, ಆದ್ರೂ 2025ರ ದಸರಾ ಟೈಮಲ್ಲಿ ಆರತಿ ತೋಟದೊಳಗೇ ನಡೀತು. ಪಾರ್ಕ್ ಬೇಕು ಅನ್ನೋರ ಮಾತು ತಳ್ಳಿಹಾಕೋ ಹಂಗಿಲ್ಲ, ಮೈಸೂರಿಗೆ ಬಂದೋರು ಸಂಜೆ ಎರಡು ಗಂಟೆ ಕೆಆರ್‌ಎಸ್ ನೋಡಿ ವಾಪಸ್ ಹೋಗ್ಬಿಡ್ತಾರೆ, ಮಂಡ್ಯ ಕಡೆ ಹುಡುಗ್ರಿಗೆ ಅದ್ರಿಂದ ಸಿಗೋ ಕೆಲ್ಸ ಕಮ್ಮಿ. ಆದ್ರೆ ರೈತರು ಕೇಳೋ ಪ್ರಶ್ನೆಗೆ ಇನ್ನೂ ಸರಿಯಾದ ಉತ್ರ ಬಂದಿಲ್ಲ: 20 ಕಿಲೋಮೀಟರ್ ಒಳಗೆ ಕಲ್ಲು ಒಡೆಯೋದೇ ಅಪಾಯ ಅನ್ನೋದಾದ್ರೆ, ಕಟ್ಟೆ ಬುಡದಲ್ಲೇ ಅಷ್ಟು ದೊಡ್ಡ ಕಟ್ಟಡ, ಅಷ್ಟು ಜನ ಹೆಂಗೆ ಸರಿ? ಈ ಕಟ್ಟೆ ಸಿಮೆಂಟಿನದಲ್ಲ, ಸುರ್ಕಿ ಗಾರೆಲಿ (ಸುಣ್ಣ, ಇಟ್ಟಿಗೆ ಪುಡಿ ಕಲಸಿದ್ದು) ಕಟ್ಟಿದ್ದು, ಮಂಡ್ಯದ ಗದ್ದೆ, ಬೆಂಗಳೂರಿನ ನಲ್ಲಿ ಎರಡೂ ಅದನ್ನೇ ನಂಬ್ಕೊಂಡಿವೆ.

ನೋಡೋಕೆ ಹೋಗೋರಿಗೆ ನಿಜವಾದ ಕಷ್ಟ ಬೇರೆನೇ ಇದೆ. ಮ್ಯೂಸಿಕಲ್ ಫೌಂಟೇನ್ ಇರೋದು ಉತ್ತರದ ಕಡೆ, ಗೇಟಿಂದ ತೋಟ ಪೂರ್ತಿ ದಾಟಿ ನೀರಿನ ಮೇಲಿನ ಸೇತುವೆ ಹತ್ತಿ ಹೋಗ್ಬೇಕು, ಶೋ ಮುಗಿದ ತಕ್ಷಣ ಎಲ್ರೂ ಒಟ್ಟಿಗೆ ಅದೇ ಸೇತುವೇಲಿ ವಾಪಸ್, ವಯಸ್ಸಾದೋರು, ಮಕ್ಕಳನ್ನ ಎತ್ಕೊಂಡಿರೋರು ಆ ನೂಕುನುಗ್ಗಲಲ್ಲಿ ಸಿಕ್ಕಾಕೋತಾರೆ. ಭಾನುವಾರ, ದಸರಾ ರಜೆ ಬಿಟ್ಟು ವಾರದ ಮಧ್ಯ ಹೋಗಿ, ಬೆಳಕಿದ್ದಾಗ್ಲೇ ತೋಟ ನೋಡ್ಕೊಂಬಿಡಿ. ಆ ದಾರಿ ಅಗಲ ಮಾಡಿ, ಶೌಚಾಲಯ ಜಾಸ್ತಿ ಮಾಡಿ, ಹಳೇ ಕಾರಂಜಿಗಳನ್ನ ರಿಪೇರಿ ಮಾಡ್ಸಿ ಅಂದ್ರೆ ಬೇಡ ಅನ್ನೋ ರೈತ ನಂಗಂತೂ ಇನ್ನೂ ಸಿಕ್ಕಿಲ್ಲ.